ಬರಿಯ ಅಡಿಗಲ್ಲಿನ ಸದ್ದು

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ವಾಡಿಯಿಂದ ಬರುವ ಬಸ್ಸು ರಾವೂರ ದಾಟಿ ಚಿತ್ತಾಪುರದ ಕಡೆ ಹೋದದ್ದು ಹಾರ್ನಿನಿಂದ ಗೊತ್ತಾಯಿತು. ಮೊಬೈಲ್ ನೋಡಿಕೊಂಡೆ, ಇವತ್ತು ಬಸ್ಸು ತಡ ಎಂದುಕೊಂಡೆ. ಮೊಬೈಲನ್ನು ತಿರುಗಿ ಚೀಲಕ್ಕೆ ಹಾಕುವಷ್ಟರಲ್ಲಿ ಖಾಸಿಂಸಾಬರ ಕುಲುಮೆಯ ಒಲೆಯೊಳಗಿಂದ ಟಪ್ ಎಂದು ಒಂದು ಸಣ್ಣ ಸದ್ದು ಬಂತು. ಜೋಳ ಹುರಿಯುವಾಗ ಮೊದಲ ಅರಳು ಸಿಡಿಯುತ್ತದಲ್ಲ, ಅಷ್ಟೇ. ಯಾರೂ ತಿರುಗಿ ನೋಡಲಿಲ್ಲ. ಕೆಟ್ಟದ್ದು ಶುರುವಾದ ಹೊತ್ತು ಯಾವುದು ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿದೆ. ಇದುವರೆಗೆ ಯಾರೂ ಕೇಳಿಲ್ಲ.

ಅದಾಗಿ ಎಷ್ಟೋ ಕಾಲದ ಮೇಲೆ, ಮೊನ್ನೆ ಸೇಡಂನಲ್ಲಿ, ನಮ್ಮ ಮನೆಯ ಹಿತ್ತಲಲ್ಲಿ, ನೀರು ಕಾಯಿಸುವ ಒಲೆಯ ಪಕ್ಕದ ಪರ್ಸಿ, ಎಂದರೆ ಹಾಸುಗಲ್ಲು, ಮಳೆಗೆ ನೆನೆದಿತ್ತು. ಬೆಂಕಿಯ ಕಾವಿಗೆ ಅದರಿಂದ ಆವಿ ಏಳುತ್ತಿತ್ತು. ಹಸಿ ಸುಣ್ಣದ ಹಾಗೆ, ಆದರೆ ಅದಕ್ಕಿಂತ ತೆಳುವಾದ ಒಂದು ವಾಸನೆ. ನಾನು ಒಂದು ಕೊಡ ನೀರು ಸುರಿದು ಒಲೆ ಆರಿಸಿದೆ. ಅವ್ವ ಬೈದಳು. ಅವತ್ತು ಎಲ್ಲರದೂ ತಣ್ಣೀರ ಸ್ನಾನವಾಯಿತು. ಏನಾಯಿತು ನಿನಗೆ ಎಂದು ಕೇಳಿದರೆ ಹೇಳಬೇಕಾದದ್ದು ಒಂದು ಇಡೀ ಮಳೆಗಾಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆ ವರ್ಷ ನಾನು ಚಿತ್ತಾಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ವಾಣಿಜ್ಯಶಾಸ್ತ್ರ ಹೇಳುತ್ತಿದ್ದೆ. ಚಿತ್ತಾಪುರದಲ್ಲಿ ಕೋಣೆ ಸಿಗದೆ ರಾವೂರಿನಲ್ಲಿ, ಕಮ್ಮಾರ ಖಾಸಿಂಸಾಬರ ಮನೆಗೆ ಹೊಂದಿಕೊಂಡ ಕೋಣೆಯಲ್ಲಿ ಬಾಡಿಗೆಗಿದ್ದೆ. ನನ್ನ ಗೋಡೆಯ ಆಚೆಗೇ ಕುಲುಮೆ. ರಾವೂರಿನಲ್ಲಿ ಎಲ್ಲವೂ ಕಲ್ಲು. ನೆಲಕ್ಕೆ ಪರ್ಸಿ, ಮಾಳಿಗೆಗೆ ಪರ್ಸಿ, ಹೊಲದ ಬೇಲಿಗೆ ಸಾಲಾಗಿ ನಿಲ್ಲಿಸಿದ್ದು ಪರ್ಸಿ, ಬಟ್ಟೆ ಒಗೆಯುವುದು ಅದರ ಮೇಲೆ, ನೀರಿನ ಬಾನಿಗೆ ಮುಚ್ಚಳವೂ ಅದೇ ಬೂದು ಬಣ್ಣದ ಹಾಸುಗಲ್ಲು. ಗಣಿಯಲ್ಲಿ ಒಡೆದು ಬಿಸಾಕಿದ ತುಂಡುಗಳನ್ನು ಕೇಳುವವರೇ ಇಲ್ಲ. ಏನಾದರೂ ಕಟ್ಟಬೇಕು, ಮುಚ್ಚಬೇಕು, ಆನಿಸಬೇಕು ಎಂದಾಗ ಅಲ್ಲಿನವರ ಕೈ ತಾನಾಗಿ ಆ ಕಲ್ಲಿನ ಕಡೆ ಹೋಗುತ್ತದೆ.

ಖಾಸಿಂಸಾಬ್ ಸಣಕಲು ಆಳು, ಅರವತ್ತರ ಹತ್ತಿರ. ಅವರ ಹೆಂಡತಿ ಚಾಂದಬಿ ಅಗಲ ಹೆಗಲಿನ ಹೆಂಗಸು. ಕುಲುಮೆಯಲ್ಲಿ ಅವರು ಕೂತು ಎಡಗೈಯಲ್ಲಿ ಇಕ್ಕಳ, ಬಲಗೈಯಲ್ಲಿ ಸಣ್ಣ ಸುತ್ತಿಗೆ ಹಿಡಿದರೆ, ಈಕೆ ಎದುರಿಗೆ ನಿಂತು ಘಣ ಎತ್ತಿ ಹೊಡೆಯುವರು. ಘಣವೆಂದರೆ ಎರಡು ಕೈಯಲ್ಲೇ ಎತ್ತಬೇಕಾದ ದೊಡ್ಡ ಸುತ್ತಿಗೆ. ನಾನು ಹೊಸದಾಗಿ ಬಂದಾಗ ಎದುರು ಮನೆಯ ಬಸಣ್ಣ ಪರಿಚಯ ಮಾಡಿಕೊಟ್ಟದ್ದೇ ಹೀಗೆ:

"ಮೇಡಂ, ಈ ಮನ್ಯಾಗ ಹೊಡಿಯಾಕಿ ಹೆಂಡ್ತಿ, ಹೊಡಿಸ್ಕೊಳ್ಳಾದು ಕಬ್ಬಿಣ. ಖಾಸಿಂ ನಡುವ ಸುಮ್ಮ ಕುಂತಿರ್ತಾನ."

ಚಾಂದಬಿ ಒಳಗಿಂದಲೇ ಅಂದಿದ್ದರು: "ಅವರ ಪಾಳಿನೂ ಬರ್ತದ ಬಸಣ್ಣಾ, ತಡಿ."

ಆಗ ನಾವು ಮೂವರೂ ನಕ್ಕಿದ್ದೆವು.

ಕೆಲಸದ ಹೊತ್ತಿನಲ್ಲಿ ಗಂಡಹೆಂಡತಿ ಮಾತಾಡುತ್ತಿರಲಿಲ್ಲ. ಖಾಸಿಂಸಾಬ್ ಸಣ್ಣ ಸುತ್ತಿಗೆಯಿಂದ ಕಾದ ಕಬ್ಬಿಣದ ಮೇಲೆ ಎಲ್ಲಿ ತಟ್ಟಿದರೋ ಅಲ್ಲೇ ಘಣ ಬೀಳುವುದು. ಮೆಲ್ಲಗೆ ತಟ್ಟಿದರೆ ಮೆಲ್ಲಗೆ, ಬಿರುಸಾಗಿ ತಟ್ಟಿದರೆ ಬಿರುಸಾಗಿ. ಸಾಕು ಎನ್ನಬೇಕಾದರೆ ಅವರು ಕಬ್ಬಿಣವನ್ನು ಬಿಟ್ಟು ಅದರ ಪಕ್ಕದ ಬರಿಯ ಅಡಿಗಲ್ಲಿಗೆ ಒಂದು ಏಟು ಹಾಕುತ್ತಿದ್ದರು. ಹೆಸರು ಅಡಿಗಲ್ಲು, ಇರುವುದು ಉಕ್ಕಿನ ದಿಮ್ಮಿ. ಠಣ್ ಎಂದು ಗಂಟೆಯ ಹಾಗೆ ಕೇಳುತ್ತಿತ್ತು. ಆ ಸದ್ದು ಬರುವ ತನಕ ಚಾಂದಬಿ ನಿಲ್ಲಿಸುತ್ತಿರಲಿಲ್ಲ. ಬಂದ ಮೇಲೆ ಒಂದೇಟೂ ಹೆಚ್ಚಿಗೆ ಹಾಕುತ್ತಿರಲಿಲ್ಲ.

"ನಮ್ಮತ್ತಿ ಕಲ್ಸಿದ್ದು ಇದು," ಎಂದು ಒಮ್ಮೆ ಹೇಳಿದ್ದರು. "ಮದಿವಿ ಆಗಿ ಬಂದಾಗ ಕಿಡಿ ಹಾರಿದ್ರ ಘಣ ಅಲ್ಲೇ ನಿಂದರಸ್ತಿದ್ದೆ. ಅತ್ತಿ ಅಂದ್ಳು, ಕಣ್ಣಿಗಿ ಕೆಲಸ ಕೊಡಬ್ಯಾಡ ಬೇಟಿ, ಕಿವಿಗಿ ಕೊಡು. ಠಣ್ ಅನ್ನೋತನಾ ಹೊಡಿ."

ನಾನು ಕೋಣೆಯಲ್ಲಿ ಪಾಠ ತಯಾರಿ ಮಾಡುತ್ತ ಕೂತಾಗ ಆ ಠಣ್ ಕೇಳಿದರೆ ನನ್ನ ಕೈಯೂ ಪೆನ್ನು ಕೆಳಗಿಡುತ್ತಿತ್ತು. ಅದು ಚಹಾದ ಹೊತ್ತು ಎಂದು ಅರ್ಥ.

ರಾವೂರಿನ ನಮ್ಮ ಓಣಿಯಲ್ಲಿ ಒಂದು ಪದ್ಧತಿ ಇತ್ತು. ಮೊಹರಂನಲ್ಲಿ ಪೀರುಗಳ ಮುಂದೆ ಅಲಾಯಿ ಕುಣಿ ತೋಡಿ ಬೆಂಕಿ ಹಾಕುತ್ತಾರಲ್ಲ, ಆ ಬೆಂಕಿಗೆ ಬೀಳುವ ಮೊದಲ ಕೊರಡನ್ನು ಹೊಸ ಕೊಡಲಿಯಿಂದಲೇ ಕಡಿಯಬೇಕು. ಕೊಡಲಿ ಖಾಸಿಂಸಾಬರ ಮನೆಯದು, ಕಡಿಯುವ ಕೈ ಬಸಣ್ಣನ ಮನೆಯದು. ಅವರ ಅಜ್ಜಂದಿರ ಕಾಲದಿಂದ ಹೀಗೆ. ಪೇಟೆಯಲ್ಲಿ ಯಂತ್ರದ ಕೊಡಲಿಗಳು ಬಣ್ಣ ಹಚ್ಚಿಕೊಂಡು ತೂಗಾಡುತ್ತಿದ್ದರೂ ಅಲಾಯಿಗೆ ಮಾತ್ರ ಬಡಿದ ಕೊಡಲಿಯೇ ಬೇಕು. ಮೊಹರಂ ತಿಂಗಳ ಚಂದ್ರ ಕಾಣುವುದರೊಳಗೆ ಅದು ಸಿದ್ಧವಾಗಬೇಕು.

ಆ ವರ್ಷ ಮೃಗಶಿರೆಯ ಮಳೆ, ಅಲ್ಲಿನವರ ಮಿರಗ, ಹಿಡಿದದ್ದು ಬಿಡಲಿಲ್ಲ. ಕುಲುಮೆಯ ಮಾಳಿಗೆಯ ಸಂದು ಬಿಟ್ಟು, ನೀರು ನೇರ ಒಲೆಯ ಮೇಲೇ ಸುರಿಯಿತು. ಮಣ್ಣಿನ ಒಲೆ ಕರಗಿ ರಾಡಿಯಾಗಿ ಹರಿದುಹೋಯಿತು. ಸಂದು ಮುಚ್ಚಿ ಹೊಸ ಒಲೆ ಹಾಕಿದರು. ಒಣಗಲಿಲ್ಲ, ಬಿಸಿಲೇ ಇಲ್ಲ. ಬೆರಳಿಟ್ಟರೆ ಒಳಗೆ ಇಳಿಯುತ್ತಿತ್ತು. ಬಸಣ್ಣ ದಿನಾ ಬಂದು ಕಟ್ಟೆಯ ಮೇಲೆ ಕೂಡುವನು.

"ಚಂದ್ರ ಕಂಡ ಮ್ಯಾಲ ಕೊಡ್ತಿಯೇನೋ ಖಾಸಿಂ, ಕೊಡ್ಲಿ?"

"ಮಳಿಗಿ ಹೇಳು ಹೋಗು. ನನಗ್ಯಾಕ ಹೇಳ್ತಿ?"

"ಮಳಿ ನನ್ನ ಮಾತು ಕೇಳ್ತಿದ್ರ ನಿನ್ನ ಕಟ್ಟಿಗಿ ಯಾಕ ಬಂದು ಕುಂದರ್ತಿದ್ದೆ? ಎಂಎಲ್‌ಎ ಆಗ್ತಿದ್ದೆ."

ಕೊನೆಗೆ ಖಾಸಿಂಸಾಬ್ ಹಸಿ ಮಣ್ಣನ್ನು ಕಿತ್ತು ಹಾಕಿ, ಊರ ಹೊರಗೆ ನೀರು ನಿಂತ ಹಳೆಯ ಗಣಿಯ ದಂಡೆಯಿಂದ ಪರ್ಸಿಯ ತುಂಡುಗಳನ್ನು ತಂದು ಒಲೆಯ ಮೂರು ಮಗ್ಗುಲಿಗೆ ನಿಲ್ಲಿಸಿದರು. ನೀರು ಕುಡಿದ ಪರ್ಸಿ ಬೆಂಕಿಗೆ ಸಿಡಿಯುತ್ತದೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಅವರಿಗೂ ಗೊತ್ತಿತ್ತು. ಹಾಗಾಗಿ ಹಿಂದಿನ ದಿನ ಸಣ್ಣ ಬೆಂಕಿ ಹಾಕಿ ಒಣಗಿಸಿದರು. ಅದೇ ಬೆಂಕಿಯಲ್ಲಿ ಯಾರದೋ ಕುಡುಗೋಲು ಹಣಿಸಿ ಹರಿತ ಮಾಡಿಯೂ ಕೊಟ್ಟರು. ಒಂದು ಬಿರುಕೂ ಬರಲಿಲ್ಲ. ಚಾಂದಬಿ ಕಲ್ಲನ್ನು ಅಂಗೈಯಿಂದ ಮುಟ್ಟಿ ನೋಡಿ, "ಸುಕಾ ಆಗ್ಯದ," ಎಂದರು. ಮೇಲೆ ಒಣಗಿತ್ತು. ಆದರೆ ಆ ಕಲ್ಲು ಪದರು ಪದರು. ಒಳಗಿನ ಪದರುಗಳ ನೀರು ಒಳಗೇ ಇತ್ತು. ಕುಡುಗೋಲಿಗೆ ಕೆಂಪು ಕಾವು ಸಾಕು. ಕೊಡಲಿಗೆ ಸಾಲದು.

ಮರುದಿನ ನನಗೆ ಮಧ್ಯಾಹ್ನದ ತನಕ ತರಗತಿ ಇರಲಿಲ್ಲ. ಚಾಂದಬಿ ಬಾಗಿಲಿಗೆ ಬಂದು ಕರೆದರು. "ಹೊಸ ಒಲಿ, ಮೊದಲ್ನೇ ಕೊಡ್ಲಿ. ನಾಕ್ ಮಂದಿ ಇರಬೇಕು. ಬಾ ಬೇಟಿ, ಬೇಕಾದ್ರ ನಿನ್ನ ಪೇಪರ್‌ಗೋಳು ಅಲ್ಲೇ ತಗೊಂಡ್ ಬಾ."

ಕುಲುಮೆಯ ಬಾಗಿಲ ಬಳಿ, ಚಾಂದಬಿಯ ಬೆನ್ನ ಹಿಂದೆ, ಒಂದು ಮರದ ಸ್ಟೂಲು ಹಾಕಿಕೊಟ್ಟರು. ನಾನು ತೊಡೆಯ ಮೇಲೆ ಉತ್ತರ ಪತ್ರಿಕೆಗಳನ್ನಿಟ್ಟುಕೊಂಡು ಕೆಂಪು ಪೆನ್ನು ಹಿಡಿದು ಕೂತೆ. ಬಸಣ್ಣ ಒಲೆಗೆ ಗಾಳಿ ಹಾಕುವ ಪಂಖದ ಚಕ್ರ ತಿರುಗಿಸಲು ಕೂತ.

ಕೊಡಲಿಗೆ ಎರಡು ಜಾತಿಯ ಕಬ್ಬಿಣ ಬೇಕು. ಮೈಗೆ ಮೆತ್ತನೆಯದು, ಬಾಯಿಗೆ ಗಟ್ಟಿಯದು. ಮೈಗೆ ಹಳೆಯ ಬಂಡಿಯ ಗಾಲಿಗೆ ಹಾಕುವ ಕಬ್ಬಿಣದ ಪಟ್ಟಿ. ಅದನ್ನು ಕಾಯಿಸಿ, ನಡುವೆ ಒಂದು ಸರಳು ಇಟ್ಟು, ಪುಸ್ತಕ ಮುಚ್ಚಿದ ಹಾಗೆ ಮಡಿಸುತ್ತಾರೆ. ಸರಳು ಕಿತ್ತ ಜಾಗವೇ ಆಮೇಲೆ ಹಿಡಿಕೆ ತೂರಿಸುವ ಕಣ್ಣು. ಮಡಿಕೆಯ ಇನ್ನೊಂದು ತುದಿಯ ಎರಡು ತುಟಿಗಳ ನಡುವೆ ಲಾರಿಯ ಸ್ಪ್ರಿಂಗ್ ಪಾಟಾದಿಂದ ಕತ್ತರಿಸಿದ ಉಕ್ಕಿನ ತುಂಡು. ಇವು ಮೂರೂ ಒಂದಾಗಬೇಕಾದರೆ ಕೆಂಪು ಹೋಗಿ, ಹಳದಿ ಹೋಗಿ, ಬೆಳ್ಳಗೆ ಕಾಯಬೇಕು. ಸಂದಿಗೆ ಕಾಗಿಣಾ ಹೊಳೆಯ ನುಣ್ಣನೆಯ ಮರಳು ಉದುರಿಸುತ್ತಾರೆ. ಕಬ್ಬಿಣವೇ ಬೆವೆತ ಹಾಗೆ ಹೊಳೆದು, ಅದರಿಂದ ಸಣ್ಣ ನಕ್ಷತ್ರಗಳು ಹಾರತೊಡಗಿದರೆ ಹೊತ್ತು ಬಂತು ಎಂದು. ಒಂದು ಉಸಿರು ಮುಂಚೆ ತೆಗೆದರೆ ಅಂಟುವುದಿಲ್ಲ, ಒಂದು ಉಸಿರು ತಡವಾದರೆ ಸುಟ್ಟುಹೋಗುತ್ತದೆ. ಅದನ್ನು ಅಳೆಯುವುದು ಖಾಸಿಂಸಾಬರ ಕಣ್ಣು. ಎಲ್ಲ ಬಣ್ಣಕ್ಕೂ ಅವರಲ್ಲಿ ಹೆಸರಿತ್ತು. ಕೊನೆಗೆ ಬಾಯಿ ಗಟ್ಟಿಯಾಗಲೆಂದು ನೀರು ಕುಡಿಸುವಾಗ ಅಂಚಿಗೆ ಬರಬೇಕಾದ ಬಣ್ಣಕ್ಕೆ ಅವರು ತೊಗರಿಬ್ಯಾಳಿ ಎನ್ನುತ್ತಿದ್ದರು; ಅದು ಮೀರಿ ಕಪ್ಪಿಟ್ಟರೆ ಬೆಲ್ಲ.

"ಗಾಳಿ ಬಿಡಬ್ಯಾಡ ಬಸಣ್ಣ. ತಿರವು, ತಿರವು."

"ತಿರವ್ಲಿಕತ್ತೀನಿ ಮಾರಾಯಾ. ನನ್ನ ರಟ್ಟಿ ಏನು ಕರೆಂಟ್ ಮ್ಯಾಲ ನಡೀತದೇನು?"

ಆಗ ಆ ಮೊದಲ ಟಪ್. ಹತ್ತೂ ಇಪ್ಪತ್ತು.

ಖಾಸಿಂಸಾಬ್ ಬೆಳ್ಳನೆಯ ಕೊಡಲಿಯನ್ನು ಇಕ್ಕಳದಲ್ಲಿ ಹೊರಗೆಳೆದು ಅಡಿಗಲ್ಲಿನ ಮೇಲಿಟ್ಟರು. ಮೆಲ್ಲಗೆ ತಟ್ಟಿದರು. ಚಾಂದಬಿ ಮೆಲ್ಲಗೆ ಹೊಡೆದರು. ಮತ್ತೆ ತಟ್ಟಿದರು, ಮತ್ತೆ ಹೊಡೆದರು. ಮುಂದಿನ ಕಾವಿಗಾಗಿ ಬಸಣ್ಣ ಚಕ್ರ ತಿರುಗಿಸುತ್ತಲೇ ಇದ್ದ. ಬಿರುಸಾದ ಏಟುಗಳು ಶುರುವಾದವು. ಚಾಂದಬಿಯ ಆಡೊಂದು ಹಿಂದಿನಿಂದ ಬಂದು ನನ್ನ ತೊಡೆಯ ಮೇಲಿನ ಒಂದು ಉತ್ತರ ಪತ್ರಿಕೆ ಕಚ್ಚಿ ಎಳೆದುಕೊಂಡು ಹೊರಗೆ ಓಡಿತು. ನಾನು ಅದರ ಹಿಂದೆ ಎದ್ದೆ. ಬಾಗಿಲು ದಾಟಿ ತಿರುಗಿ ನೋಡಿದೆ. ಯಾಕೆ ತಿರುಗಿದೆನೋ ತಿಳಿಯದು. ತಿರುಗದಿದ್ದರೆ ನಾನು ಏನನ್ನೂ ಕಂಡಿರುತ್ತಿರಲಿಲ್ಲ.

ಘಣ ಚಾಂದಬಿಯ ತಲೆಯ ಮೇಲಿತ್ತು. ಆಗ ಒಲೆ ಸಿಡಿಯಿತು.

ಸದ್ದು ನೆನಪಿಲ್ಲ. ಬೂದಿ, ಕೆಂಡ, ಕಲ್ಲಿನ ಚೂರು ಎಲ್ಲ ಒಂದೇ ಬಾರಿಗೆ ಪಕ್ಕಕ್ಕೆ ಎದ್ದವು. ಖಾಸಿಂಸಾಬ್ ಇಕ್ಕಳ ಬಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಮುಂದಕ್ಕೆ ಬಿದ್ದರು. ಅವರ ತಲೆ ಬಿದ್ದದ್ದು ಅಡಿಗಲ್ಲಿನ ಮೇಲೆ, ಸ್ವಲ್ಪ ಮುಂಚೆ ಕೊಡಲಿ ಇದ್ದಲ್ಲಿ. ಬಿಳಿ ಟೊಪ್ಪಿಗೆ. ಮೇಲೆ ಘಣ.

ನಾನು ಇವತ್ತಿಗೂ ನೋಡುವುದು ಇದನ್ನೇ. ಘಣ ಮೇಲಿದೆ. ತಲೆ ಕೆಳಗಿದೆ. ಚಾಂದಬಿಗೆ ಬೂದಿಯಲ್ಲಿ ಏನೂ ಕಾಣುತ್ತಿಲ್ಲ. ಠಣ್ ಬಂದಿಲ್ಲ. ಠಣ್ ಬರುವ ತನಕ ಹೊಡೆಯಬೇಕೆಂದು ಅವರ ತೋಳುಗಳಿಗೆ ಇಡೀ ಬಾಳುವೆಯ ರೂಢಿ.

ಅವರು ಕೈ ಬಿಟ್ಟರು. ಹಿಂದಕ್ಕೆ ವಾಲಿ, ಎರಡೂ ಮುಷ್ಟಿ ತೆರೆದು ಬಿಟ್ಟುಬಿಟ್ಟರು. ಘಣ ಅವರ ತಲೆಯ ಮೇಲಿಂದ ಹಿಂದಕ್ಕೆ ಹಾರಿ, ನಾನು ಕೂತಿದ್ದ ಸ್ಟೂಲಿನ ಮೇಲೆ ಬಿತ್ತು. ಸ್ಟೂಲು ಕಟ್ಟಿಗೆಯ ಚೂರಾಯಿತು.

ಪಂಖದ ಚಕ್ರ ತಾನೇ ತಿರುಗುತ್ತಿತ್ತು. ಆಡು ಅಂಗಳದಲ್ಲಿ ಕಾಗದ ಅಗಿಯುತ್ತಿತ್ತು. ಬಸಣ್ಣ ಪಾದದ ಮೇಲೆ ಬಿದ್ದ ಕೆಂಡವನ್ನು ಕೊಡವಿ, ಸುಟ್ಟದ್ದು ತನಗಲ್ಲವೇನೋ ಎಂಬಂತೆ ಅದನ್ನೇ ನೋಡುತ್ತಿದ್ದ. ಚಾಂದಬಿ ಖಾಲಿ ಕೈಗಳನ್ನು ಇನ್ನೂ ಮೇಲೆತ್ತಿಕೊಂಡೇ ನಿಂತಿದ್ದರು.

"ಠಣ್ ಬರ್ಲಿಲ್ಲ," ಎಂದರು. "ಅಜೀ, ಠಣ್ ಬರ್ಲಿಲ್ಲಲ್ಲ."

ಖಾಸಿಂಸಾಬ್ ಮುಖ ಎತ್ತಲಿಲ್ಲ. ಬೆರಳುಗಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. "ಕೊಡ್ಲಿ ಎಲ್ಲಿ ಬಿತ್ತು ನೋಡ್ರಿ," ಎಂದರು. "ಯಾರರೆ ತುಳದೀರಿ."

ಟಂಟಂ ಆಟೋ ತರಿಸಿದ್ದು ಬಸಣ್ಣ, ಸುಟ್ಟ ಕಾಲಲ್ಲಿ ಓಡಿಹೋಗಿ. ವಾಡಿಯ ಆಸ್ಪತ್ರೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ಕಲಬುರಗಿಗೆ ಹೋಗಿರಿ ಎಂದರು. ಶಹಾಬಾದ ದಾಟುವಾಗ ಖಾಸಿಂಸಾಬರ ತಲೆ ನನ್ನ ತೊಡೆಯ ಮೇಲಿತ್ತು. ರಸ್ತೆಯ ಎರಡೂ ಕಡೆ ಮಳೆಯಲ್ಲಿ ತೊಳೆದ ಪರ್ಸಿಯ ಒಟ್ಟಿಲುಗಳು. ನನ್ನ ಕೈಯಲ್ಲಿ ಕೆಂಪು ಪೆನ್ನು ಇನ್ನೂ ಇತ್ತು. ಅದರ ಟೊಪ್ಪಿಗೆ ಎಲ್ಲಿ ಬಿತ್ತು ಎಂದು ಯೋಚಿಸುತ್ತಿದ್ದೆ. ಬೇರೆ ಯೋಚನೆ ಬರಲಿಲ್ಲ.

ಡಾಕ್ಟರು ಕಲ್ಲಿನ ಚೂರು ತೆಗೆದರು. ಬಲಗಣ್ಣು ಉಳಿಯುತ್ತದೆ, ಎಡಗಣ್ಣಿನ ಆಸೆ ಬೇಡ ಎಂದರು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಖಾಸಿಂಸಾಬ್ ಕೇಳಿದ್ದು ಒಂದೇ: "ಒಂದರಾಗ ಬಣ್ಣ ಕಾಣ್ತಾವೇನ್ರಿ ಸಾಹೇಬ್ರ? ತೊಗರಿಬ್ಯಾಳಿಗೂ ಬೆಲ್ಲಕ್ಕೂ ಫರಕ ತಿಳೀತದೇನ್ರಿ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ಊಟದ ಮಾತು ಎಂದುಕೊಂಡು, ಎಲ್ಲಾ ತಿನ್ನಬಹುದು ಎಂದರು.

ನಾನು ರಾವೂರಿಗೆ ಮರಳಿ, ಕಾಲೇಜಿಗೆ ಹೋಗತೊಡಗಿದೆ. ಪಾಠ ಮಾಡಿದೆ. ಹರಿದುಹೋದ ಪತ್ರಿಕೆಯ ಹುಡುಗಿಗೆ ಪರೀಕ್ಷೆ ಮತ್ತೊಮ್ಮೆ ಕೊಟ್ಟೆ. ಯಾಕೆ ಎಂದು ಕೇಳಿದ್ದಕ್ಕೆ ಆಡು ತಿಂದಿತು ಎಂದೆ, ಇಡೀ ತರಗತಿ ನಕ್ಕಿತು, ನಾನು ಅವರ ನಗು ಮುಗಿಯಲಿ ಎಂದು ಕಾಯುತ್ತ ನಿಂತೆ. ಅಳು ಬರಲಿಲ್ಲ. ಹಸಿವಾದಾಗ ಉಂಡೆ. ನಿದ್ದೆ ಮಾತ್ರ ಹತ್ತುವುದು, ಸ್ವಲ್ಪ ಹೊತ್ತಿಗೇ ಬಿಡುವುದು. ಕನಸೇನೂ ಇಲ್ಲ. ಎಚ್ಚರಾದಾಗ ಘಣ ಮೇಲಿರುತ್ತಿತ್ತು, ಬೀಳುತ್ತಿರಲಿಲ್ಲ, ನಾನು ಕಿವಿಗೊಟ್ಟು ಮಲಗಿರುತ್ತಿದ್ದೆ. ಗೋಡೆಯಾಚೆ ಕುಲುಮೆ ಮುಚ್ಚಿತ್ತು. ಬರಬೇಕಾದ ಒಂದು ಸದ್ದು ಬರದೆ ಅಲ್ಲೇ ಉಳಿದಿತ್ತು.

ಮೊಹರಂ ಬಂತು. ಬಸಣ್ಣ ಹಿಂದಿನ ವರ್ಷದ ಕೊಡಲಿಯಿಂದಲೇ ಕೊರಡು ಕಡಿದ. ಸಂಜೆ ಚಾಂದಬಿ ನನ್ನನ್ನು ಅಲಾಯಿಗೆ ಕರೆದುಕೊಂಡು ಹೋದರು. ಎಲ್ಲರಂತೆ ಬೆಂಕಿಗೆ ಒಂದು ಹಿಡಿ ಉಪ್ಪು ಹಾಕಿ ಕೈಮುಗಿದರು. ಉಪ್ಪು ಬೆಂಕಿಯಲ್ಲಿ ಟಪ್, ಟಪ್ ಎಂದು ಸಿಡಿಯಿತು. ನೋಡಿದರೆ ನಾವಿಬ್ಬರೂ ಹಿಂದೆ ಸರಿದು ಯಾರದೋ ಮನೆಯ ಗೋಡೆಗೆ ಆನಿಕೊಂಡು ನಿಂತಿದ್ದೆವು. ಒಬ್ಬರನ್ನೊಬ್ಬರು ನೋಡಿಕೊಂಡೆವು. ಹಾಗೇ ಮನೆಗೆ ಬಂದೆವು.

ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಖಾಸಿಂಸಾಬ್ ಮಣ್ಣಿನ ಒಲೆ ಹಾಕಿ ಒಣಗಿಸಿದರು. ಆ ಅರ್ಧ ಕೊಡಲಿ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿತ್ತು; ಅದನ್ನು ಮೊದಲು ಮುಗಿಸಬೇಕು ಎಂದರು. ಚಾಂದಬಿ ಘಣ ಮುಟ್ಟಲಿಲ್ಲ.

"ನನ್ನ ಕೈ ಒಲ್ಲೆ ಅಂತಾವ. ಬ್ಯಾರೆದವರಿಗಿ ಕರಕೊಳ್ರಿ."

ಇನ್ನೊಬ್ಬರ ಕೈ ನಂಬಿ ಖಾಸಿಂಸಾಬ್ ಎಂದೂ ತಲೆ ಬಗ್ಗಿಸಿ ಕೂತವರಲ್ಲ. ಘಣ ಹೊಡೆಯುವವರಿಲ್ಲದೆ ಕೊಡಲಿ ಆಗುವುದಿಲ್ಲ. ಕುಲುಮೆ ಮುಚ್ಚಿಹೋಗುತ್ತದೆ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಬಸಣ್ಣ ತಾನೇ ಘಣ ಹಿಡಿದು ನಿಂತ. ಮೊದಲ ಏಟೇ ಇಕ್ಕಳಕ್ಕೆ ಬಿತ್ತು.

"ಏ, ಜೋಳದ ತೆನಿ ಬಡದಂಗ ಬಡೀತಿಯಲ್ಲೋ!"

"ಕಣ್ಣು ಒಂದಾದ್ರೂ ಬಾಯಿ ಹಂಗೇ ಅದ ನೋಡು ಇವಂದು."

ಎರಡನೆಯ ಏಟಿಗೆ ಬಸಣ್ಣ ಘಣ ಎತ್ತಿದಾಗ ನಾನು ಬಾಗಿಲ ಹೊರಗೆ ನಿಂತು ಕಣ್ಣು ಮುಚ್ಚಿಕೊಂಡೆ. ಏಟು ಬೀಳಲಿಲ್ಲ. ಕಣ್ಣು ತೆರೆದರೆ, ಚಾಂದಬಿ ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ಬಂದು ಬಸಣ್ಣನ ರಟ್ಟೆ ಹಿಡಿದಿದ್ದರು.

"ಸರಿ ಅತ್ತಾಗ. ಒಬ್ಬಕಿ ಕೊಂದಿಲ್ಲಂತ ನೀ ಕೊಲ್ಲಬ್ಯಾಡ."

ಘಣ ಹಿಡಿದರು. ಹಿಡಿಕೆಗೆ ಹಿಟ್ಟು ಮೆತ್ತಿತು. ಕೊಡಲಿ ಬೆಳ್ಳಗೆ ಹೊರಬಂತು. ಬಣ್ಣ ಖಾಸಿಂಸಾಬರ ಕಣ್ಣಿಗೆ ತಪ್ಪಿರಲಿಲ್ಲ. ಖಾಸಿಂಸಾಬ್ ಸಣ್ಣ ಸುತ್ತಿಗೆಯಿಂದ ತಟ್ಟಿದರು, ಚಾಂದಬಿ ಹೊಡೆದರು. ಮತ್ತೆ ತಟ್ಟಿದರು. ಠಣ್.

ಚಾಂದಬಿ ನಿಂತರು.

"ಯಾಕ ನಿಂತಿ? ಹೊಡಿ."

"ಠಣ್ ಅಂದಿತಲ್ಲ."

"ತಪ್ಪಿ ಬಿತ್ತು."

ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯುವುದಿಲ್ಲ. ಕಬ್ಬಿಣದ ಮೇಲೆ ಬೀಳಬೇಕಾದ ಸುತ್ತಿಗೆ ಒಂದು ಬೆರಳು ಈಚೆಗೆ, ಬರಿಯ ಅಡಿಗಲ್ಲಿನ ಮೇಲೆ ಬೀಳುತ್ತಿತ್ತು. ಮತ್ತೆ ಕಾಯಿಸಿದರು. ತಟ್ಟಿದರು, ಹೊಡೆದರು, ಠಣ್. ಚಾಂದಬಿ ಮತ್ತೆ ನಿಂತರು. ಎತ್ತಿದ ಘಣವನ್ನು ಮೆಲ್ಲಗೆ ಪಕ್ಕಕ್ಕಿಳಿಸಿ ನೆಲಕ್ಕೆ ಆನಿಸಿದರು.

ಖಾಸಿಂಸಾಬರಿಗೆ ಸಿಟ್ಟು ಬಂತು. "ಇದು ಖರೆ ಠಣ್ ಅಲ್ಲಂತ ನಿನಗ ಗೊತ್ತಾಗಂಗಿಲ್ಲೇನು? ಇಷ್ಟ್ ವರ್ಷ ಆಯ್ತು."

"ಗೊತ್ತಾಗ್ತದ."

"ಮತ್ತ ಹೊಡಿ."

"ಹೊಡಿಯಂಗಿಲ್ಲ. ಖರೇದಿರ್ಲಿ ಸುಳ್ಳಿರ್ಲಿ, ಠಣ್ ಅಂದ್ರ ನಿಂದರ್ತೀನಿ. ಎಷ್ಟ್ ಸಲ ಅಂದ್ರೂ ನಿಂದರ್ತೀನಿ."

"ಕಬ್ಬಿಣ ಆರ್ತದಲ್ಲೇ!"

"ಆರ್ಲಿ. ಮತ್ತ ಕಾಸ್ರಿ. ಇದ್ದಿಲಿಗೇನು ಬರ ಬಂದದೇನು?"

ಬಸಣ್ಣ ಚಕ್ರದ ಬಳಿ ಕೂತು ನಿಟ್ಟುಸಿರು ಬಿಟ್ಟ. "ಇದ್ದಿಲಿಗಿ ಬಂದಿಲ್ಲವ್ವಾ, ನನ್ನ ರಟ್ಟಿಗಿ ಬಂದದ."

ಅರ್ಧ ದಿನದ ಕೊಡಲಿ ಅವತ್ತು ಸಂಜೆಯ ತನಕ ಹಿಡಿಯಿತು. ನಾನು ಕಾಲೇಜಿಗೆ ಹೋಗಲಿಲ್ಲ. ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂತು ಅಷ್ಟೂ ಹೊತ್ತು ಕೇಳಿದೆ. ಎಷ್ಟೋ ಸಲ ತಪ್ಪು ಠಣ್ ಬಂತು. ಎಲ್ಲ ಸಲವೂ ಘಣ ನಿಂತಿತು. ಮೊದಮೊದಲು ನಿಂತಾಗಲೆಲ್ಲ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಆಮೇಲೆ ಯಾವಾಗಲೋ ಮುಚ್ಚುವುದು ಬಿಟ್ಟಿದ್ದೆ.

ಕೊನೆಗೆ ಅಂಚು ಅರದಿಂದ ತಿಕ್ಕಿ, ಕೆಂಪಗೆ ಕಾಯಿಸಿ, ಬಾಯಿಯನ್ನಷ್ಟೇ ನೀರಿಗೆ ಅದ್ದಿ ಮೇಲೆತ್ತಿದರು. ತಣ್ಣಗಾದ ಅಂಚಿನ ಕಡೆಗೆ ಬಣ್ಣ ಮೆಲ್ಲಗೆ ಹರಿದು ಬಂತು. ಖಾಸಿಂಸಾಬ್ ಬಾಗಿಲ ಬೆಳಕಿಗೆ ಬಂದು, ನನ್ನ ಪಕ್ಕದಲ್ಲೇ ನಿಂತು, ಬಲಗಣ್ಣು ಕಿರಿದು ಮಾಡಿ ನೋಡಿದರು.

"ಬ್ಯಾಳಿ," ಎಂದು ಚಾಂದಬಿ ಅವರ ಹೆಗಲ ಹಿಂದಿನಿಂದ ಅಂದರು.

"ನನಗೂ ಕಾಣ್ತದ," ಎಂದು ಅವರು ಕೊಡಲಿಯನ್ನು ಪೂರ್ತಿ ನೀರಿಗೆ ಮುಳುಗಿಸಿದರು. ಆಮೇಲೆ ಒಳಗೆ ಹೋಗಿ, ಸುತ್ತಿಗೆ ತೆಗೆದುಕೊಂಡು, ಎಡಗೈಯಿಂದ ಅಡಿಗಲ್ಲನ್ನು ತಡವಿ ನೋಡಿ, ಬೇಕೆಂದೇ ಒಂದು ಏಟು ಹಾಕಿದರು.

ಠಣ್.

ಆ ಸಂಜೆ ಚಾಂದಬಿ ಕೊಟ್ಟ ರೊಟ್ಟಿ ತಿಂದು, ತಟ್ಟೆ ತೊಳೆದಿಡಬೇಕು ಎಂದುಕೊಳ್ಳುತ್ತ ಹಾಸಿಗೆಯ ಮೇಲೆ ಒರಗಿದೆ. ಎಚ್ಚರವಾದದ್ದು ಮರುದಿನ, ವಾಡಿಯ ಬಸ್ಸಿನ ಹಾರ್ನಿಗೇ. ಕಿಟಕಿಯ ಬಿಸಿಲು ನೆಲದ ಪರ್ಸಿಯ ಮೇಲೆ ಬಿದ್ದು ಅದನ್ನು ಬೆಚ್ಚಗೆ ಮಾಡಿತ್ತು. ತಟ್ಟೆ ಹಾಗೇ ಇತ್ತು, ದೀಪ ಉರಿಯುತ್ತಲೇ ಇತ್ತು. ತೆರೆದ ಬಾಗಿಲಲ್ಲಿ ಆಡು ನಿಂತು ನನ್ನ ಪುಸ್ತಕಗಳ ಕಡೆ ನೋಡುತ್ತಿತ್ತು. ಬಸ್ಸು ಹೋಯಿತು. ನಾನು ಏಳಲಿಲ್ಲ.